ಮೊದಲ ಹಂತದಲ್ಲಿ ಐದು ತಿಂಗಳು

ಡಯಟಿಷಿಯನ್ ಕೊಟ್ಟ ಹಾಳೆಯಲ್ಲಿ ಮೊದಲ ಹಂತಕ್ಕೆ ಎರಡು ವಾರ ಎಂದಿತ್ತು. ನಾನು ಅದರಲ್ಲಿ ಐದು ತಿಂಗಳು ಉಳಿದೆ. ಹಟದಿಂದಲ್ಲ, ತೂಕ ಬೇಗ ಇಳಿಯಲಿ ಎಂಬ ಆಸೆಯಿಂದಲೂ ಅಲ್ಲ. ಎರಡನೆಯ ಹಂತಕ್ಕೆ ಹೋಗಬೇಕು ಅನ್ನಿಸಲಿಲ್ಲ, ಅಷ್ಟೆ. ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ.

ನನ್ನ ಗಂಡ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಜ್ವರ ಎಂದು ಮಲಗಿದವರು ನಾಲ್ಕನೆಯ ದಿನಕ್ಕೆ ಇರಲಿಲ್ಲ. ನಮಗೆ ಮಕ್ಕಳಿಲ್ಲ. ನಂಜನಗೂಡಿನ ಮನೆಯಲ್ಲಿ ಉಳಿದದ್ದು ನಾನು ಮತ್ತು ನನ್ನ ಅತ್ತೆ. ನಾನು ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ವಾಪಸು ಬರುತ್ತೇನೆ. ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಮುಂದಿನ ಸೋಮವಾರವೇ ಶಾಲೆಗೆ ಹೋದೆ. ಒಂದು ಸಲ ಅತ್ತುಬಿಡಿ, ಹಗುರಾಗುತ್ತದೆ ಎಂದು ಎಲ್ಲರೂ ಹೇಳಿದರು. ಅಳು ಬರಲಿಲ್ಲ. ಅದರ ಬದಲು ತಿನ್ನತೊಡಗಿದೆ. ಬಸ್ ಸ್ಟ್ಯಾಂಡಿನ ಬೇಕರಿಯ ಬನ್ನು, ಸ್ಟಾಫ್ ರೂಮಿನ ಬಿಸ್ಕತ್ತು, ಊಟಕ್ಕೆ ಎರಡು ಮುದ್ದೆ, ಅದರ ಮೇಲೆ ಅನ್ನ. ಹಸಿವಾಗಿ ತಿಂದದ್ದಲ್ಲ, ರುಚಿಯೂ ಗೊತ್ತಾಗುತ್ತಿರಲಿಲ್ಲ. ಮುಂದೆ ಏನಾದರೂ ಇದ್ದರೆ ಕೈ ಅದನ್ನು ಬಾಯಿಗೆ ತರುತ್ತಿತ್ತು.

ಹದಿನೇಳು ಕೆಜಿ ಏರಿದೆ. ಶಾಲೆಯ ಮಹಡಿ ಹತ್ತಿದರೆ ಮಂಡಿ ನೋಯುತ್ತಿತ್ತು. ಊರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಅಂಚಿಗೆ ಬಂದು ನಿಂತಿದೆ ಎಂದು ಹೇಳಿ ಮೈಸೂರಿನ ಡಯಟಿಷಿಯನ್ ಒಬ್ಬರ ಬಳಿ ಕಳಿಸಿದರು. ಆಕೆ ನನಗಿಂತ ಚಿಕ್ಕವಳು, ನಿಧಾನವಾಗಿ ಮಾತಾಡುವ ಹೆಂಗಸು. ನಾಲ್ಕು ಹಂತಗಳ ಹಾಳೆಯನ್ನು ಮೇಜಿನ ಮೇಲಿಟ್ಟು ಬೆರಳಿಟ್ಟು ತೋರಿಸಿದಳು. ಮೊದಲ ಹಂತದಲ್ಲಿ ಅನ್ನ, ರಾಗಿ, ಗೋಧಿ, ಬೇಳೆ, ಹಣ್ಣು ಯಾವುದೂ ಇಲ್ಲ. ಮೊಟ್ಟೆ, ಕೋಳಿ, ಮೀನು, ಪನೀರು, ಸೊಪ್ಪು, ಸೌತೆಕಾಯಿ ಇಷ್ಟೇ. ಎರಡನೆಯದರಲ್ಲಿ ವಾರಕ್ಕೊಂದರಂತೆ ಒಂದೊಂದು ಪದಾರ್ಥ ವಾಪಸು ಬರುತ್ತದೆ. ತೂಕ ಗುರಿಯ ಹತ್ತಿರ ಬಂದಾಗ ಮೂರನೆಯದು. ನಾಲ್ಕನೆಯದು ಇರುವ ತನಕ.

"ಮೊದಲನೇದು ಬರೀ ಎರಡು ವಾರ ಮೇಡಂ, ಕಷ್ಟ ಆದ್ರೂ ತಡ್ಕೊಳ್ಳಿ" ಎಂದಳು.

ಮನೆಗೆ ಬಂದು ಹೇಳಿದಾಗ ಅತ್ತೆ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಮುದ್ದೆನೂ ಇಲ್ಲ, ಅನ್ನನೂ ಇಲ್ಲ ಅಂದ್ರೆ ಇನ್ನೇನ್ ಉಂಡೀಯವ್ವ?"

"ಮೊಟ್ಟೆ, ಸೊಪ್ಪು. ಎರಡು ವಾರ ಅಷ್ಟೇ ಅತ್ತೆ."

"ಸೋಮಾರಾ?"

ನಮ್ಮ ಮನೆಯಲ್ಲಿ ಸೋಮವಾರ ಮೊಟ್ಟೆ ಮುಟ್ಟುವುದಿಲ್ಲ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಸೋಮವಾರಗಳಂದು ಪನೀರು ಮತ್ತು ಸೌತೆಕಾಯಿ ತಿಂದೆ.

ಮೊದಲ ಮೂರು ದಿನ ತಲೆ ಸಿಡಿಯಿತು. ಬೇಸಿಗೆ ರಜೆಯ ವಿಶೇಷ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕಣ್ಣು ಕತ್ತಲಾಗಿ ಮೇಜು ಹಿಡಿದು ನಿಂತೆ. ಐದನೆಯ ದಿನಕ್ಕೆ ತಲೆನೋವು ಹೋಯಿತು, ಅದರೊಂದಿಗೆ ಹಸಿವೂ ಹೋಯಿತು. ಹೊಟ್ಟೆ ಕೇಳುವುದನ್ನು ನಿಲ್ಲಿಸಿತು. ಬೇಕರಿಯ ಮುಂದೆ ನಡೆದುಹೋದರೆ ಬನ್ನಿನ ವಾಸನೆ ಬರುತ್ತಿತ್ತು, ಅದರಿಂದ ನನಗೇನೂ ಆಗುತ್ತಿರಲಿಲ್ಲ. ಉಳಿದವರು ಈ ಹಂತದಲ್ಲಿ ಒದ್ದಾಡುತ್ತಾರಂತೆ. ನನಗೆ ಇದು ಪರಿಚಯದ ಜಾಗ. ಎರಡು ವರ್ಷದಿಂದ ಒಳಗೆ ಹೇಗಿತ್ತೋ ಈಗ ಹೊಟ್ಟೆಯೂ ಹಾಗೇ ಆಗಿತ್ತು. ಎರಡೂ ಒಂದೇ ಸಮ ಆದದ್ದು ಒಂದು ರೀತಿಯಲ್ಲಿ ಅನುಕೂಲವೇ ಆಯಿತು.

ಎರಡು ವಾರ ಮುಗಿದಾಗ ಡಯಟಿಷಿಯನ್ ಫೋನ್ ಮಾಡಿದಳು. ಮೂರೂವರೆ ಕೆಜಿ ಇಳಿದಿದೆ ಎಂದೆ. ಆಕೆಗೆ ಖುಷಿಯಾಯಿತು.

"ಇವತ್ತಿಂದ ಎರಡನೇ ಹಂತ ಮೇಡಂ. ಮೊದಲು ಒಂದು ಹಿಡಿ ಕಡಲೆಕಾಯಿ ಬೀಜ ಸೇರಿಸಿ."

ಆಗಲಿ ಎಂದೆ. ಅಂದೇ ಸಂಜೆ ಬಜಾರ್ ರಸ್ತೆಯಲ್ಲಿ ಕಡಲೆಕಾಯಿ ಬೀಜ ತಂದೆ, ಹುರಿದು ಡಬ್ಬಿಗೆ ತುಂಬಿದೆ. ಬೆಳಿಗ್ಗೆ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತುಕೊಂಡೆ. ತೆಗೆಯುವುದಕ್ಕೆ ಕಾರಣ ಸಿಗಲಿಲ್ಲ. ಎರಡು ಮೊಟ್ಟೆ ಬೇಯಿಸಿಕೊಂಡು ಬಸ್ಸಿಗೆ ಹೋದೆ. ಮಾರನೆಯ ದಿನವೂ ಹಾಗೇ. ಆಮೇಲೆ ಆಕೆ ಫೋನ್ ಮಾಡಿದಾಗಲೆಲ್ಲ ಸುಳ್ಳು ಹೇಳಿದೆ. ಬೀಜ ಸೇರಿಸಿದೆ, ಕ್ಯಾರೆಟ್ ಸೇರಿಸಿದೆ, ಪರಂಗಿಹಣ್ಣು ಸೇರಿಸಿದೆ. ಶಾಲೆಯ ಮಕ್ಕಳು ಹೋಂವರ್ಕ್ ಮಾಡದೆ ಮಾಡಿದೆ ಎಂದು ನನಗೆ ಹೇಳುತ್ತಾರಲ್ಲ, ಅಷ್ಟೇ ಸಲೀಸಾಗಿ ಹೇಳುತ್ತಿದ್ದೆ.

ತೂಕ ಇಳಿಯುತ್ತಲೇ ಹೋಯಿತು. ರವಿಕೆಗಳನ್ನು ಎರಡು ಸಲ ಒಳಗೆ ಹಿಡಿಸಿದೆ. ಸ್ಟಾಫ್ ರೂಮಿನಲ್ಲಿ "ಏನ್ ಮೇಡಂ, ಗುರ್ತೇ ಸಿಗಕಿಲ್ವಲ್ಲ" ಎಂದು ಹೊಗಳಿದರು. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಅದನ್ನು ಸುತ್ತಿ ಕಿಟಕಿಯ ಸಂದಿಯಲ್ಲಿ ಇಡುತ್ತಿದ್ದೆ. ಅತ್ತೆ ಮಾತ್ರ ಏನೂ ಹೇಳುತ್ತಿರಲಿಲ್ಲ. ನಾನು ಬರುವ ಹೊತ್ತಿಗೆ ಅವರ ಊಟ ಮುಗಿದಿರುತ್ತಿತ್ತು. ಆಯಿತಾ ಅಂದರೆ, ಆಯ್ತು ಅನ್ನುತ್ತಿದ್ದರು. ಏನು ಮಾಡಿಕೊಂಡಿರಿ ಎಂದು ನಾನು ಒಂದು ದಿನವೂ ಕೇಳಲಿಲ್ಲ.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ತೀರಿಕೊಂಡವರಿಗೆ ಅವರ ಇಷ್ಟದ ಅಡಿಗೆ ಮಾಡಿ ಎಲೆ ತುಂಬ ಎಡೆ ಇಡುತ್ತೇವೆ. ಪಕ್ಕದ ಕಳಲೆ ಊರಿಗೆ ಕೊಟ್ಟಿರುವ ನನ್ನ ನಾದಿನಿ ಬೆಳಿಗ್ಗೆಯೇ ಬಂದಳು. ಅವಳು ನನ್ನ ಗಂಡನ ಒಬ್ಬಳೇ ತಂಗಿ, ಮನಸ್ಸಿಗೆ ಬಂದದ್ದನ್ನು ಹಾಗೇ ಹೇಳುವವಳು. ಮೂವರೂ ಸೇರಿ ಅಡಿಗೆ ಮಾಡಿದೆವು. ಮುದ್ದೆ, ಕೋಳಿ ಸಾರು, ಕಜ್ಜಾಯ, ಎರಡು ರಸಬಾಳೆ. ಅವರ ಫೋಟೋದ ಮುಂದೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಜಗಲಿಯಲ್ಲಿ ಕೂತೆವು. ನಾದಿನಿ ಅಳುತ್ತಿದ್ದಳು. ನಾನು ಎದುರುಮನೆಯ ಗೋಡೆ ನೋಡುತ್ತಿದ್ದೆ.

ಊಟಕ್ಕೆ ಕೂತಾಗ ನಾನು ಸಾರಿನಿಂದ ಕೋಳಿಯ ತುಂಡು ಮಾತ್ರ ಎತ್ತಿ ಹಾಕಿಕೊಂಡೆ. ನಾದಿನಿಯ ಕಣ್ಣು ನನ್ನ ತಟ್ಟೆಯ ಮೇಲಿರಲಿಲ್ಲ. ಅವಳು ತನ್ನ ತಾಯಿಯ ಕೈ ನೋಡುತ್ತಿದ್ದಳು. ಸಾರು ಬಡಿಸಲು ಕೈ ಎತ್ತಿದಾಗ ಅತ್ತೆಯ ಬಳೆಗಳು ಮೊಣಕೈವರೆಗೆ ಜಾರಿದ್ದವು.

"ಅವ್ವ, ನೀನ್ಯಾಕಿಂಗೆ ಸೊರಗೋಗಿದ್ದೀಯೆ? ಡಯಟ್ ಮಾಡೋಳು ಅತ್ತಿಗೆ ಅಲ್ವಾ?"

"ವಯ್ಸಾಯ್ತಲ್ಲ ಕಣವ್ವ."

"ವಯ್ಸಾದ್ರೆ ಐದಾರ್ ತಿಂಗ್ಳಲ್ಲಿ ಇಂಗಾಯ್ತಾರಾ? ಏನ್ ಉಣ್ತೀಯೆ ನೀನು?"

ಅತ್ತೆ ಅವಳ ತಟ್ಟೆಗೆ ಸಾರು ಹಾಕಿದರು. ಮಗಳು ಬಿಡಲಿಲ್ಲ. ಕೊನೆಗೆ ಸೌಟು ಕೆಳಗಿಟ್ಟು ಹೇಳಿದರು:

"ಒಬ್ಳಿಗೆ ಅಂತ ಯಾರ್ ಮುದ್ದೆ ತಿರುವ್ತಾರೆ? ಬೆಳಿಗ್ಗೆದು ಒಂದ್ ಹಿಡಿ ಅನ್ನ ಇರ್ತದೆ, ಮಜ್ಜಿಗೆ ಕಲ್ಸ್ಕೊಂಡು ಉಣ್ತೀನಿ. ಅವ್ಳು ಉಣ್ದೆ ಕೂತಿರುವಾಗ ನಂಗೂ ಸೇರಾಕಿಲ್ಲ."

ಯಾರೂ ನನ್ನನ್ನು ಬಯ್ಯಲಿಲ್ಲ. ನಾದಿನಿ ಒಂದು ಸಲ ನನ್ನ ಕಡೆ ನೋಡಿ ಮುದ್ದೆ ಮುರಿದಳು. ನನಗೆ ಎದೆ ಹಿಂಡಿತು, ಕಣ್ಣು ತುಂಬಿತು ಎಂದು ಬರೆಯಬಹುದು. ಹಾಗೇನೂ ಆಗಲಿಲ್ಲ. ಆ ಬಳೆಗಳನ್ನು ನೋಡಿದೆ. ಮಗನನ್ನು ಕಳಕೊಂಡ ಅವರು ಈ ಐದು ತಿಂಗಳೂ ಮಜ್ಜಿಗೆ ಅನ್ನ ಉಂಡಿದ್ದಾರೆ, ನಾನು ಅದೇ ಮನೆಯಲ್ಲಿದ್ದೆ, ನನಗೆ ಕಾಣಲಿಲ್ಲ. ಇದು ತಪ್ಪು ಎಂದು ತಿಳಿಯಿತು, ಲೆಕ್ಕದಲ್ಲಿ ಒಂದು ಸಾಲು ತಪ್ಪಿದ್ದು ತಿಳಿಯುವ ಹಾಗೆ.

ಮಾರನೆಯ ದಿನ ದಸರಾ ರಜೆ, ಬಜಾರ್ ರಸ್ತೆಗೆ ಹೋದವಳು ಅಲ್ಲಿಂದಲೇ ಡಯಟಿಷಿಯನ್‌ಗೆ ಫೋನ್ ಮಾಡಿ ನಿಜ ಹೇಳಿದೆ.

"ಐದು ತಿಂಗಳೂ ಹಸಿವೇ ಆಗ್ಲಿಲ್ವಾ ಮೇಡಂ?"

"ಇಲ್ಲ."

"ನನಗೆ ಆಗ್ಲೇ ಹೇಳಬೇಕಿತ್ತು. ಸರಿ, ಇವತ್ತಿಂದ ಎರಡನೇ ಹಂತ. ಒಂದೇ ಸಲ ಮುದ್ದೆಗೆ ಹೋಗ್ಬೇಡಿ. ಬೀಜದಿಂದ ಶುರು ಮಾಡಿ. ಈ ವಾರದಲ್ಲೇ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬನ್ನಿ. ಮನೇಲಿ ಯಾರಾದ್ರೂ ಜೊತೇಲಿ ಕೂತು ಊಟ ಮಾಡ್ತಾರಾ?"

ಅತ್ತೆ ಇದ್ದಾರೆ ಎಂದೆ.

ಅಂದು ಮನೆಗೆ ಬಂದವಳೇ ಒಲೆಯ ಮೇಲೆ ಎಸರಿಟ್ಟು, ಅತ್ತೆಗೆ ಒಂದೇ ಒಂದು ಮುದ್ದೆ ತಿರುವಿದೆ. ಎರಡು ಕಡೆ ಗಂಟು ಉಳಿದಿತ್ತು. ಅವರು ಗಂಟು ಬಿಡಿಸಿಕೊಂಡು ಉಂಡರು. ಎದುರಿಗೆ ಕೂತು ನಾನು ಸೊಪ್ಪಿನ ಪಲ್ಯದೊಂದಿಗೆ ಒಂದು ಹಿಡಿ ಕಡಲೆಕಾಯಿ ಬೀಜ ತಿಂದೆ. ಹಳೆಯ ಡಬ್ಬಿಯದು ಕನರು ವಾಸನೆ ಬಂದಿತ್ತು, ಬೇರೆ ತಂದಿದ್ದೆ. ಐದು ತಿಂಗಳ ನಂತರ ಬಾಯಿಗೆ ಹೊಸದೊಂದು ಬಿದ್ದಾಗ ಏನೋ ಆಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಅಗಿದು ನುಂಗಿದೆ.

ಅತ್ತೆಗೆ ಓದಲು ಬಾರದು. ಹಾಳೆಯನ್ನು ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡು ಬಾಯಿಪಾಠ ಮಾಡಿಕೊಂಡರು. ಪ್ರತಿ ಭಾನುವಾರ "ಈ ವಾರ ಏನ್ ಸೇರ್ಸೋದು?" ಎಂದು ಅವರೇ ಕೇಳುತ್ತಿದ್ದರು. ಕ್ಯಾರೆಟ್ ಬಂತು, ಸೀಬೆಹಣ್ಣು ಬಂತು, ಹುರುಳಿಕಾಳು ಬಂತು. ಹುರುಳಿಕಾಳಿನ ವಾರ ಒಂದೂಕಾಲು ಕೆಜಿ ಏರಿದಾಗ ನಾನು ಮತ್ತೆ ಮೊಟ್ಟೆಗೆ ಹೋಗುತ್ತೇನೆ ಎಂದೆ.

"ಅಂಗಂತ ಅದ್ರಲ್ಲಿ ಬರ್ದಿಲ್ಲ" ಎಂದರು ಅತ್ತೆ. "ಏರುದ್ರೆ ಕಡೇಲಿ ಸೇರ್ಸಿದ್ದ ಒಂದ್ನೇ ಬುಡು ಅಂತ ನೀನೇ ಓದಿದ್ದೆ. ಕಾಳೊಂದ್ ಬುಡು. ಹಿಂದಕ್ಕ್ ಓಡ್ಬ್ಯಾಡ."

ಕಾಳು ಬಿಟ್ಟೆ, ಎರಡು ವಾರದ ಮೇಲೆ ಮತ್ತೆ ಸೇರಿಸಿದೆ. ಹೀಗೆ ಒಂದು ಹೆಜ್ಜೆ ಮುಂದೆ, ಅರ್ಧ ಹಿಂದೆ ಎಂದು ಮೂರನೆಯ ಹಂತ ತಲುಪುವಷ್ಟರಲ್ಲಿ ಬೇಸಿಗೆ ಬಂದಿತ್ತು. ಆ ಹಂತದಲ್ಲಿ ಅರ್ಧ ಮುದ್ದೆ ಉಂಟು. ಅತ್ತೆ ಒಂದು ಮುದ್ದೆಯನ್ನು ದಾರದಿಂದ ಕುಯ್ದು ಅರ್ಧ ನನ್ನ ತಟ್ಟೆಗೆ ಹಾಕಿದರು. ಉಳಿದರ್ಧವನ್ನು ತಮ್ಮ ಮುದ್ದೆಯ ಪಕ್ಕ ಇಟ್ಟುಕೊಂಡು ಅದನ್ನೂ ಮುಗಿಸಿದರು. ಅದಾದ ಕೆಲವು ದಿನಕ್ಕೆ, ಮೂರನೆಯ ಪೀರಿಯಡ್‌ನಲ್ಲಿ ತ್ರಿಕೋನ ಬರೆಯುತ್ತಿರುವಾಗ, ಹೊಟ್ಟೆಯಲ್ಲಿ ಏನೋ ಕೊರೆದ ಹಾಗಾಯಿತು. ಕಾಯಿಲೆಯೇನೋ ಎಂದು ಹೆದರಿದೆ. ಸ್ವಲ್ಪ ಹೊತ್ತಿನ ಮೇಲೆ ಅದು ಹಸಿವು ಎಂದು ಗೊತ್ತಾಯಿತು.

ಈಗ ನಾಲ್ಕನೆಯ ಹಂತದಲ್ಲಿದ್ದೇನೆ. ಏರಿದ ಹದಿನೇಳರಲ್ಲಿ ಹದಿಮೂರು ಇಳಿದು ಅಲ್ಲಿಗೇ ನಿಂತಿದೆ. ಸಕ್ಕರೆ ಹದದಲ್ಲಿದೆ. ಕೂದಲು ಉದುರುವುದು ಕಡಿಮೆಯಾಗಿದೆ. ಅಳು ಇನ್ನೂ ಬಂದಿಲ್ಲ, ಬರುತ್ತದೆ ಎಂದು ಕಾಯುವುದನ್ನೂ ಬಿಟ್ಟಿದ್ದೇನೆ.

ಹೋದ ಭಾನುವಾರ ಅತ್ತೆ ಬೇಯಿಸಿದ ಸೊಪ್ಪು ಬಸಿದು ಉಪ್ಪೆಸರು ಮಾಡಿದ್ದರು. ಅರ್ಧ ಮುದ್ದೆ ಮುರಿದು ಅದ್ದಿ ಬಾಯಿಗಿಟ್ಟವಳು "ಉಪ್ಪು ಜಾಸ್ತಿಯಾಗಿದೆ ಅತ್ತೆ" ಎಂದೆ.

ಅತ್ತೆ ತಮ್ಮ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದರು. ಅವರ ಮಗ ಹೋದ ಮೇಲೆ ಊಟದ ಬಗ್ಗೆ ನಾನು ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಒಂದು ಮಾತು ಆಡಿದ್ದು ಅದೇ ಮೊದಲು. ಅದು ನನಗೂ ಆಗಲೇ ಗೊತ್ತಾದದ್ದು.

"ಜಾಸ್ತಿ ಆಗ್ಯದೆ ಕಣವ್ವ" ಎಂದರು. "ನಂಗೂ ಅನ್ಸ್ತು. ನೀನೇನಾರಾ ಅಂದೀಯೇನೋ ನೋಡವ ಅಂತ ಸುಮ್ಕಿದ್ದೆ."

ಎದ್ದು ಹೋಗಿ ಬಿಸಿನೀರು ತಂದು ಸಾರಿಗೆ ಸುರಿದರು. ಸೌಟಾಡಿಸಿ ನನ್ನ ತಟ್ಟೆಗೆ ಮತ್ತೆ ಬಡಿಸಿದರು. ಈಗ ಸರಿಯಾಗಿದೆ ಎಂದೆ. ಇಬ್ಬರೂ ಊಟ ಮುಂದುವರಿಸಿದೆವು.