ಕಂಬಳಿ ಹಾಸಿದ ಹಲಗೆ

ನಮ್ಮ ಮನೆಯವರ ಎಡಗಾಲು ಮಡಚುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಅದು ಓಡಾಡುವ ದಾರಿಗೆ ಅಡ್ಡಲಾಗಿ ಚಾಚಿಕೊಂಡಿರುತ್ತಿತ್ತು. "ಗೇಟ್ ಎತ್ರೀ," ಎಂದು ಕಂಡಕ್ಟರು ತಮಾಷೆ ಮಾಡುತ್ತಿದ್ದ. ಇವರು ಎರಡೂ ಕೈಯಿಂದ ಪ್ಯಾಂಟು ಹಿಡಿದು ಕಾಲೆತ್ತಿ, "ಹೋಗ್ಲಿ ಗಾಡಿ," ಎನ್ನುತ್ತಿದ್ದರು.

ಲಾರಿ ಬಡಿದು ಮಂಡಿ ಪುಡಿಯಾದ ಮೇಲೆ ಹಾಗಾಗಿತ್ತು. ಚಳ್ಳಕೆರೆಯ ಒಂದು ಅಂಗಡಿಯಲ್ಲಿ ಎಲೆಕ್ಟ್ರಿಕ್ ಸ್ಕೂಟರುಗಳ ಬ್ಯಾಟರಿ ರಿಪೇರಿ ಅವರ ಕೆಲಸ. ಸಂಜೆಯ ಬಸ್ಸು ದೊಡ್ಡಉಳ್ಳಾರ್ತಿ ಕ್ರಾಸಿನಲ್ಲಿ ಇಳಿಸಿ ಹೋಗುತ್ತಿತ್ತು. ಅಲ್ಲಿಂದ ಮನೆಯವರೆಗೆ ಅಷ್ಟು ದೂರ ನಡೆಯಲಾಗದು, ಸೈಕಲ್ ತುಳಿಯಲಾಗದು. ನಾನು ಸ್ಕೂಟಿ ತೆಗೆದುಕೊಂಡು ಹೋಗುತ್ತಿದ್ದೆ. ಹಿಂದೆ ಅವರು ಎರಡೂ ಕಾಲು ಒಂದೇ ಕಡೆ ಬಿಟ್ಟು ಕೂರಬೇಕಿತ್ತು. ಕ್ರಾಸಿನ ಹೋಟೆಲ್ ಮುಂದಿನವರು, "ಮದುವಣಗಿತ್ತಿ ಬಂದ್ಲು ನೋಡ್ರಲೇ," ಅನ್ನುತ್ತಿದ್ದರು. ಅವರೂ ನಗುತ್ತಿದ್ದರು. ಮನೆಗೆ ಬಂದ ಮೇಲೆ ಮಾತಾಡುತ್ತಿರಲಿಲ್ಲ.

ಒಂದು ದಿನ ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ಯಾವುದೋ ದೇಶದ ಹುಡುಗಿ ಚಕ್ರವಿರುವ ಉದ್ದನೆಯ ಹಲಗೆಯ ಮೇಲೆ ನಿಂತು ಹೋಗುತ್ತಿದ್ದಳು. ಹಲಗೆಯ ಕೆಳಗೆ ಬ್ಯಾಟರಿ, ಮೋಟರು. ಲಾಂಗ್‌ಬೋರ್ಡ್ ಅಂತೆ.

"ಇದ್ರಾಗೆ ಕೂರೋದೇ ಇಲ್ಲ ನೋಡೇ. ಬಸ್ನಾಗೆ ಕಂಕುಳಾಗಿಟ್ಕಂಡು ಬರಬೌದು. ಕ್ರಾಸಿಂದ ಮನೀಗೆ ನಾನೇ ಬರ್ತೀನಿ."

"ಬಿದ್ರೆ ಇನ್ನೊಂದು ಕಾಲೂ ಹೋಗ್ತೈತ್ರಿ."

"ನಿಲ್ಲಾಕೆ ಬರ್ತೈತಲ್ಲ, ಸಾಕು."

ಬಿದಿರಿನ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿ, ನಡುವೆ ತುಸು ಬಾಗಲೆಂದು ರುಬ್ಬುಗಲ್ಲು ಹೇರಿದರು. ಕೆಟ್ಟ ಬ್ಯಾಟರಿಗಳಿಂದ ಜೀವವಿದ್ದ ಸೆಲ್ಲುಗಳನ್ನು ಆರಿಸಿ ಕಟ್ಟಿದರು. ನಮ್ಮ ರಸ್ತೆಗೆಂದೇ ಗಾಳಿ ತುಂಬುವ ಪುಟ್ಟ ಟೈರುಗಳು. ಮೋಟರಿನ ಬೆಲ್ಟು ಹಿಂದಿನ ಚಕ್ರಕ್ಕೆ, ವೇಗದ ಗುಂಡಿ ಬಲಗೈಗೆ. ಕಾಲು ಜಾರದಂತೆ ಮೇಲೇನು ಹಾಸುವುದು ಎಂಬ ಮಾತು ಬಂದಾಗ ಪಕ್ಕದ ಬೀದಿಯ ನಮ್ಮಪ್ಪ ಎದ್ದು ನಿಂತ. ಅವನು ಕಂಬಳಿ ನೇಯುವವನು. ಒರಟು ಕಂಬಳಿಯ ತುಂಡು ತಂದು, ಮಗ್ಗದ ನೂಲಿಗೆ ಬಳಿಯುವ ಹುಣಸೆಬೀಜದ ಗಂಜಿಯಿಂದಲೇ ಅಂಟಿಸಿದ. "ನಮ್ಮ ಗಂಜಿ ಹಿಡಿದ್ರೆ ಕಲ್ಲೂ ಬಿಡಲ್ಲ ಅಳಿಯಾ," ಅಂದ.

ಮೊದಲ ಸವಾರಿ ಕುರಿ ಮೇಯುವ ಕಾವಲಿನ ಪಕ್ಕದ ಹೊಸ ರಸ್ತೆಯಲ್ಲಿ. ಹಿಂದಿನ ದಿನ ಮಳೆ ಬಿದ್ದಿತ್ತು. ನೀರು ನಿಂತ ಕಡೆ ಗಂಜಿ ನೆನೆದು ಲೋಳೆಯಾಯಿತು. ಹಲಗೆ ಮುಂದೆ ಹೋಯಿತು, ಕಂಬಳಿ ಮತ್ತು ಇವರು ಹಿಂದೆ ಉಳಿದರು. ನಾನು ಚೀರಿ ಓಡಿದೆ. ಅಪ್ಪ ಕಂಬಳಿ ಎತ್ತಿ ನೋಡಿ, "ಹರಿದಿಲ್ಲ ಬಿಡು," ಅಂದ. ಆಂಧ್ರದ ಗಡಿ ಕಡೆಯ ಕೊಂಡ್ಲಹಳ್ಳಿಯಲ್ಲಿ ಬೆಳೆದ ಇವರಿಗೆ ನೋವಾದಾಗ ಬಾಯಿಗೆ ತೆಲುಗು ಬರುತ್ತಿತ್ತು. "ಪರವಾಲೇದು ಮಾವ," ಎಂದು ಮೊಣಕೈ ಒರೆಸಿಕೊಂಡು ನಕ್ಕರು.

ಕಂಬಳಿ ಅದೇ ಉಳಿಯಿತು. ಅಂಟು ಮಾತ್ರ ಅಂಗಡಿಯದು ಬಂತು. ಮತ್ತೆ ಅಭ್ಯಾಸ ಮಾಡಿದರು. ಒಂದು ಬೆಳಿಗ್ಗೆ, "ಇವತ್ತು ಸಂಜಿಗೆ ನೀನು ಕ್ರಾಸಿಗೆ ಬರಬ್ಯಾಡ," ಅಂದರು.

ಆ ಸಂಜೆ ಒಲೆಯ ಮೇಲಿನ ಮುದ್ದೆಯನ್ನು ತಿರುವುವುದೂ ಮರೆತು ಬಾಗಿಲಲ್ಲಿ ನಿಂತಿದ್ದೆ. ಕ್ರಾಸಿನಲ್ಲಿ ಹೋಟೆಲಿನವರು, "ಎಲ್ಲಿ, ಕರ್ಕಂಡ್ ಹೋಗಾಕೆ ಬಂದಿಲ್ಲ?" ಎಂದರಂತೆ. ಇವರು ಹಲಗೆ ಕೆಳಗಿಟ್ಟು, ಅಪ್ಪ ಕೊಟ್ಟಿದ್ದ ಕುರಿ ಕಾಯುವ ಕೋಲು ಊರಿ ಹತ್ತಿ, "ಮೆರವಣಿಗೆ ಹೊಂಟೈತೆ, ದಾರಿ ಬಿಡ್ರಲೇ," ಎಂದರಂತೆ. ಬೀದಿಯ ತಿರುವಿನಲ್ಲಿ ಸಣ್ಣಗೆ ಗುಂಯ್‌ಗುಡುವ ಸದ್ದು. ಕೋಲನ್ನು ಕಂಕುಳಲ್ಲಿಟ್ಟು, ಎದೆ ಸೆಟೆದು, ನಮ್ಮ ಮನೆಯವರು ನೆಟ್ಟಗೆ ನಿಂತೇ ಬಂದರು. ಅವರು ಅಷ್ಟು ಎತ್ತರವೆಂದು ನನಗೆ ಮರೆತೇಹೋಗಿತ್ತು. ಆ ರಾತ್ರಿ ಮುದ್ದೆ ಸೀದಿತ್ತು. ಇಬ್ಬರೂ ಮಾತಾಡುತ್ತಾ ಉಂಡೆವು.

ಹೋದ ಚಳಿಗಾಲದಲ್ಲಿ ಅವರಿಗೆ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಈಗ ನಾನು ಚಳ್ಳಕೆರೆಯ ಅದೇ ಅಂಗಡಿಯಲ್ಲಿ ಸೆಲ್ ಆರಿಸುವ ಕೆಲಸಕ್ಕೆ ಹೋಗಬೇಕೆಂದಿದ್ದೇನೆ. ಸ್ಕೂಟಿ ಬಸ್ಸು ಹತ್ತದು, ಹಲಗೆ ಹತ್ತುತ್ತದೆ. ಮೊನ್ನೆ ಅದನ್ನು ಹೊರಗೆ ತಂದೆ. ಎಡಗಾಲಿನ ಜಾಗದಲ್ಲಿ ಉಣ್ಣೆ ಸವೆದು ಬಿದಿರು ಕಾಣುತ್ತದೆ. ಅಪ್ಪ ಹೊಸ ತುಂಡು ಹಿಡಿದು ಬಂದ.

"ಇದನ್ನ ಹಾಕ್ತೀನಿ ತಗಾ ಮಗಾ. ಜಾರ್ತೀಯ."

"ಬ್ಯಾಡಪ್ಪ, ಇರ್ಲಿ."

ಸವೆದ ಜಾಗದ ಮೇಲೆ ನನ್ನ ಎಡಗಾಲಿಟ್ಟು ಕೋಲು ಊರಿದೆ.

"ನಿಲ್ಲಾಕೆ ಬರ್ತೈತಲ್ಲ," ಅಂದೆ, "ಸಾಕು."