ವಾಟಿಯಲ್ಲಿ ಬೆಂದ ಕಪ್‌ಕೇಕು

ಒಬ್ಬ ಮನುಷ್ಯ ತನಗಿಂತ ಎರಡು ಪಟ್ಟು ಉದ್ದದ ಮರದ ಕೋಲನ್ನು ಗೋಡೆಯ ಕಂಡಿಯೊಳಗೆ ತೂರಿಸಿದ. ಅದರ ತುದಿಯ ತಗಡಿನ ಮೇಲೆ ನನ್ನ ಮಗಳ ಹುಟ್ಟುಹಬ್ಬ ಕೂತಿತ್ತು. ಒಳಗೆ ಬೆಂಕಿ ಕಾಣಲಿಲ್ಲ. ಕೋಣೆಯಷ್ಟು ಅಗಲದ ಕತ್ತಲು, ಮುಖಕ್ಕೆ ಬಡಿಯುವ ಕಾವು, ಅಷ್ಟೆ. ಒಲೆಯೊಂದರ ಹೊಟ್ಟೆ ಇಷ್ಟು ದೊಡ್ಡದಿರಬಹುದೆಂದು ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ ಗೊತ್ತೇ ಇರಲಿಲ್ಲ. ಬಾಯಿ ತೆರೆದುಕೊಂಡು ನಿಂತುಬಿಟ್ಟೆ.

ನನ್ನ ಗಂಡನಿಗೆ ಕಾಲುವೆಯ ಕೆಲಸದ ಮೇಲೆ ಸಿಂದಗಿಗೆ ವರ್ಗವಾಗಿ ನಾವು ಇಲ್ಲಿಗೆ ಬಂದದ್ದು ಜೂನ್ ತಿಂಗಳಲ್ಲಿ. ಬಾಡಿಗೆ ಮನೆ ಕೇಳಲು ಹೋದಾಗ ಮನೆಯೊಡತಿ ನೀಲಮ್ಮ ಬಾಗಿಲಲ್ಲೇ ನಿಲ್ಲಿಸಿ ಯಾರು, ಯಾವ ಊರು, ಯಾವ ಕೆಲಸ ಎಂದು ಒಂದೇ ಉಸಿರಿನಲ್ಲಿ ಕೇಳಿದರು. ಬೈಯುತ್ತಿದ್ದಾರೆಂದೇ ತಿಳಿದು ನಾನು ಹಿಂದೆ ಸರಿದೆ. ಮರುಗಳಿಗೆ ಚಹಾ ಬಂತು, ಜೊತೆಗೆ ಒಂದು ಷರತ್ತೂ ಬಂತು: ಮನೆಯೊಳಗೆ ತತ್ತಿ ತರಬಾರದು. ಇಲ್ಲಿ ತತ್ತಿ ಎಂದರೆ ಮೊಟ್ಟೆ. ನಮ್ಮೂರಿನಲ್ಲಿ ಬೈಗುಳವೂ ಮೆತ್ತಗೆ ಬರುತ್ತದೆ, ಇಲ್ಲಿ ಅಕ್ಕರೆಗೂ ಜಗಳದ ದನಿ. ನಾನು ಹೇಗೋ ಒಗ್ಗಿಕೊಂಡೆ. ಕಟಕ್ಕೆಂದು ಮುರಿಯುವ ಜೋಳದ ರೊಟ್ಟಿಗೂ ಹಲ್ಲು ಒಗ್ಗಿತು.

ಒಗ್ಗದಿದ್ದವಳು ಮಗಳು ಇಳಾ. ಎರಡನೇ ತರಗತಿಯ ಹುಡುಗಿ. ಶಾಲೆಯ ಮೊದಲ ದಿನ ಯಾರಿಗೋ “ಬಾರೇ, ಆಡೋಣ ಕಣೇ” ಅಂದಳಂತೆ. ಇಡೀ ತರಗತಿ ನಕ್ಕಿತು. ಅಂದಿನಿಂದ ಮಗು ಮನೆಯವರನ್ನು ಬಿಟ್ಟು ಬೇರೆ ಯಾರೊಡನೆಯೂ ಒಂದು ಮಾತೂ ಆಡಲಿಲ್ಲ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು, ಅವಳು ಬಾಯಿ ಬಿಡಲಿಲ್ಲ. ನಾನು ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದೆ: ಮಾರ್ಚಿನಲ್ಲಿ ಅವಳ ಹುಟ್ಟುಹಬ್ಬ. ಅಲ್ಲಿಯವರೆಗೆ ನೋಡುತ್ತೇನೆ, ಆಮೇಲೆ ಅವಳನ್ನು ಕರೆದುಕೊಂಡು ಮೈಸೂರಿಗೆ ಹೊರಟುಬಿಡುತ್ತೇನೆ, ನೀವು ಇಲ್ಲೇ ಇರಿ.

ಹುಟ್ಟುಹಬ್ಬಕ್ಕೆ ಏನು ಬೇಕೆಂದರೆ ಮೈಸೂರಿನ ನಮ್ಮ ಬೀದಿಯ ಬೇಕರಿಯ ಕಪ್‌ಕೇಕ್ ಅಂದಳು ಇಳಾ. ಕಾಗದದ ಲಂಗ ತೊಟ್ಟು, ತಲೆಯ ಮೇಲೆ ಕೆನೆಯ ಗುಲಾಬಿ ಮುಡಿದಿರುತ್ತದಲ್ಲ, ಅದೇ. ಸಿಂದಗಿಯಲ್ಲಿ ನಾನು ಸುತ್ತಿದ ಅಂಗಡಿಗಳಲ್ಲೆಲ್ಲೂ ಅದು ಸಿಗಲಿಲ್ಲ. ಜೀವಮಾನದಲ್ಲಿ ಒಂದು ಬಿಸ್ಕತ್ತೂ ಸುಡದ ನಾನು ಮನೆಯಲ್ಲೇ ಮಾಡುತ್ತೇನೆಂದು ಹೊರಟೆ. ಮೊಟ್ಟೆಯ ಬದಲು ಮೊಸರು, ಸೋಡಾ ಎಂದು ಫೋನಿನಲ್ಲಿ ನೋಡಿ ಕಲಿತೆ. ಆದರೆ ಓವನ್ ಎಲ್ಲಿಂದ ತರುವುದು?

“ಊರಾಗ ಭಟ್ಟಿ ಐತಲ್ರಿ” ಅಂದರು ನೀಲಮ್ಮ. ಹಬ್ಬ ಬಂತೆಂದರೆ, ದೀಪಾವಳಿಯಿರಲಿ ರಂಜಾನ್ ಇರಲಿ, ಇಲ್ಲಿನ ಹೆಂಗಸರು ಮನೆಯ ಹಿಟ್ಟು, ತುಪ್ಪ, ಸಕ್ಕರೆ ಕಟ್ಟಿಕೊಂಡು ಬೇಕರಿಯ ಭಟ್ಟಿಗೆ ಹೋಗುತ್ತಾರೆ. ಕೂತು ನಾನಖಟಾಯಿ ಬಿಸ್ಕತ್ತು ಮಾಡಿಸಿ, ಡಬ್ಬ ತುಂಬಿಸಿಕೊಂಡು ಬರುತ್ತಾರೆ. ನಮ್ಮಲ್ಲಿ ಬೇಕರಿಯ ಒಲೆ ಬೇಕರಿಯವನದು, ಗಾಜಿನ ಕಪಾಟಿನ ಆಚೆ ಏನಿದೆಯೆಂದು ನಾವ್ಯಾರೂ ಇಣುಕಿದವರಲ್ಲ. ಇಲ್ಲಿ ಅದು ಊರಿಗೆಲ್ಲ ಒಲೆ.

ಅಚ್ಚಿನ ಬದಲು ವಾಟಿ, ಅಂದರೆ ಸ್ಟೀಲಿನ ಪುಟ್ಟ ಬಟ್ಟಲು. ನನ್ನಲ್ಲಿದ್ದವು ಸಾಲಲಿಲ್ಲವೆಂದು ಓಣಿಯ ಮನೆಮನೆಗೆ ಹೋಗಿ ಕೇಳಿದೆ. ಯಾಕೆ ಏನು ಎನ್ನದೆ, ಹೆಸರು ಕೆತ್ತಿದ ವಾಟಿಗಳನ್ನು ಒಳಗಿನಿಂದ ತಂದು ಕೈಗಿಟ್ಟರು.

ಭಟ್ಟಿಯ ಮಹಿಬೂಬಣ್ಣ ನನ್ನ ಹಿಟ್ಟನ್ನು ಬಗ್ಗಿ ನೋಡಿ, “ಬ್ರೆಡ್ ತಗದ ಮ್ಯಾಲ ಇಡೋಣ್ರಿ ಅಕ್ಕಾರ, ಈಗ ಭಟ್ಟಿ ಭಾಳ ಸಿಟ್ಟಿನ್ಯಾಗ ಐತಿ” ಎಂದ. ಸಿಟ್ಟು ಇಳಿಯುವವರೆಗೆ ಚೀಲದ ಮೇಲೆ ಕೂತಿದ್ದೆ. ಆಮೇಲೆ ಆ ಉದ್ದದ ಕೋಲು ಒಳಹೋಯಿತು. ಅದು ಹೊರಬಂದಾಗ ನಾನು ನೋಡಿದ್ದನ್ನು ಹೇಗೆ ಹೇಳಲಿ? ನಾನು ಸುರಿದದ್ದು ಬೆಳ್ಳಗಿನ ಗಂಜಿ. ಬಂದದ್ದು ಹೊನ್ನಬಣ್ಣಕ್ಕೆ ತಿರುಗಿ, ವಾಟಿಯ ಅಂಚು ದಾಟಿ ಉಬ್ಬಿ, ಉಸಿರಾಡುತ್ತಿರುವಂತೆ ಬಿಸಿ ಬಿಡುತ್ತಿದ್ದ ಕೇಕುಗಳು. ಇದು ನನ್ನ ಕೈಯಿಂದ ಆಯಿತೇ ಎಂದು ಕಣ್ಣು ತುಂಬಿ ಬಂತು.

ಮನೆಗೆ ತಂದು ಒಂದನ್ನು ಬೋರಲು ಹಾಕಿದೆ. ತಳ ಹಿಡಿದು ಚೂರುಚೂರಾಯಿತು. ತುಪ್ಪ ಸವರಿದ್ದು ಸಾಲದಾಗಿತ್ತು. ಉಳಿದವು ವಾಟಿಯಲ್ಲೇ ಇರಲೆಂದು ನೀಲಮ್ಮ ತೀರ್ಪು ಕೊಟ್ಟರು. ಮೇಲಿನ ಕೆನೆಗೆಂದು ಅವರೇ ಕಡೆದು ತೆಗೆದ ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ನಾದಿದರೆ, ಮಾರ್ಚಿನ ಬಿಸಿಲಿಗೆ ಅದು ಹರಿದು ನೀರಾಯಿತು. ಅವರು ಪಾತ್ರೆಯನ್ನು ನೀರು ತುಂಬಿದ ಮಣ್ಣಿನ ಹರವಿಯ ಕೆಳಗಿನ ಒದ್ದೆ ಉಸುಕಿನಲ್ಲಿ ಹುಗಿದಿಟ್ಟರು. ಗಟ್ಟಿಯಾದ ಮೇಲೆ ಹಾಲಿನ ಪ್ಯಾಕೆಟ್ಟಿಗೆ ತುಂಬಿ, ಮೂಲೆ ಕತ್ತರಿಸಿ ಹಿಂಡಿದೆ. ನನ್ನ ಮೊದಲ ಗುಲಾಬಿ ಎಲೆಕೋಸಿನಂತಿತ್ತು.

ಆಗ ನೀಲಮ್ಮ ಒಂದು ಡಬ್ಬ ತಂದರು. ಕುಸುರೆಳ್ಳು. ಸಂಕ್ರಾಂತಿಗೆಂದು ಮಂದ ಕೆಂಡದ ಮೇಲೆ ಎಳ್ಳಿಗೆ ಹನಿಹನಿಯಾಗಿ ಸಕ್ಕರೆ ಪಾಕ ಬಿಟ್ಟು, ಬೆರಳ ತುದಿಯಿಂದ ಆಡಿಸುತ್ತಾ ಆಡಿಸುತ್ತಾ ಪ್ರತಿ ಕಾಳಿಗೂ ಮುಳ್ಳು ಬರಿಸುತ್ತಾರೆ. ಗುಲಾಬಿ, ಹಳದಿ, ಬಿಳಿ. ಅಂಗಡಿಯ ಎಳ್ಳುಬೆಲ್ಲದ ಪೊಟ್ಟಣ ಹಂಚಿ ಹಬ್ಬ ಮುಗಿಸುತ್ತಿದ್ದ ನಾನು ಅದನ್ನು ಅಂಗೈ ಮೇಲೆ ಹಾಕಿಕೊಂಡು ನೋಡಿಯೇ ನೋಡಿದೆ. ಕೆನೆಯ ಮೇಲೆ ಉದುರಿಸಿದಾಗ ನನ್ನ ಎಲೆಕೋಸುಗಳೆಲ್ಲ ಒಡವೆ ಇಟ್ಟುಕೊಂಡವು.

ಸಂಜೆಗೆ ನಾನು ಕರೆದದ್ದು ಇಳಾಳ ಬೆಂಚಿನ ಇಬ್ಬರು ಹುಡುಗಿಯರನ್ನು ಮಾತ್ರ. ಬಂದದ್ದು ಇಡೀ ಓಣಿ. ಹೆಂಗಸರು, ಮಕ್ಕಳು, ಒಬ್ಬರದೂ ಬರಿಗೈಯಲ್ಲ. ನಾನು ಕಕ್ಕಾಬಿಕ್ಕಿಯಾದೆ. “ವಾಟಿ ಒಯ್ದ್ರಿ ಅಂದ್ರ ಕರದಂಗ ಆತಲ್ರಿ” ಎಂದರು ನೀಲಮ್ಮ. ಪ್ರತಿಯೊಬ್ಬರೂ ತಮ್ಮ ಹೆಸರಿನ ವಾಟಿ ಹುಡುಕಿ ಎತ್ತಿಕೊಂಡರು. ಆಮೇಲೆ ನೀಲಮ್ಮ ತಮ್ಮದಕ್ಕೆ ಐದೂ ಬೆರಳು ಇಳಿಸಿ ಕೇಕನ್ನು, ಗುಲಾಬಿಯನ್ನು, ಕುಸುರೆಳ್ಳನ್ನು ಒಟ್ಟಿಗೇ ಪುಡಿ ಮಾಡಿಬಿಟ್ಟರು.

“ಹಾಲು ತರ್ರಿ, ತುಪ್ಪ ತರ್ರಿ. ಮಾದಲಿ ಒಣಾ ಒಣಾ ತಿಂತಾರೇನ್ರಿ?”

ಮಾದಲಿ ಇಲ್ಲಿನ ಹಬ್ಬದ ಸಿಹಿ. ಗೋಧಿ ರೊಟ್ಟಿಯನ್ನು ಪುಡಿ ಮಾಡಿ, ಬೆಲ್ಲ ಬೆರೆಸಿ, ಹಾಲು ತುಪ್ಪ ಸುರಿದು ತಿನ್ನುವುದು. ವಾಟಿಯಲ್ಲಿ ಬಂದ ಪುಡಿಪುಡಿಯಾದ ಸಿಹಿಯನ್ನು ಅವರು ಇನ್ನು ಹೇಗೆ ತಿನ್ನಬೇಕಿತ್ತು? ನೋಡುನೋಡುತ್ತಲೇ ಎಲ್ಲರ ಬೆರಳೂ ಇಳಿದವು. ದಿನವಿಡೀ ಸೊಂಟ ಬಗ್ಗಿಸಿ ಬಿಡಿಸಿದ ನನ್ನ ಗುಲಾಬಿಗಳು ಹಾಲಿನಲ್ಲಿ ಮುಳುಗಿದವು. ಹಾಲಿನ ಪಾತ್ರೆಯನ್ನು ನೀಲಮ್ಮನವರ ಕೈಗೆ ಕೊಟ್ಟುಬಿಟ್ಟೆ. ಮುಗಿಯಿತು, ಇನ್ನು ಮೈಸೂರೇ ಗತಿ ಅಂದುಕೊಂಡೆ.

ಇಳಾ ತನ್ನ ವಾಟಿ ನೋಡಿದಳು, ನನ್ನ ಮುಖ ನೋಡಿದಳು. ಕೇಕಿನೊಳಗೆ ಬೆರಳು ಇಳಿಸಿದಳು. “ನನಗೂ ಹಾಲ್ ಹಾಕ್ರಿ ನೀಲಮ್ಮಾರ. ತುಪ್ಪ ಜಾಸ್ತಿ ಹಾಕ್ರಿ.”

“ಆಕಿಗ್ಯಾಕ ಜಾಸ್ತಿ?” ಎಂದು ಪಕ್ಕದ ಹುಡುಗಿ ತಕರಾರು ತೆಗೆದಳು.

“ಇವತ್ತ ನನ್ನ ಹುಟ್ಟಿದ ಹಬ್ಬ ಐತಿ” ಎಂದಳು ನನ್ನ ಮಗಳು, ಜಗಳದ ದನಿಯಲ್ಲಿ.

ಯಾರೂ ಅಚ್ಚರಿಪಡಲಿಲ್ಲ. ನೀಲಮ್ಮ ಮಾತ್ರ ನನ್ನತ್ತ ಒಮ್ಮೆ ನೋಡಿ, ಆ ವಾಟಿ ತುಳುಕುವಷ್ಟು ತುಪ್ಪ ಸುರಿದರು. ನನಗೆ ಅವರ ಕಾಲು ಹಿಡಿಯಬೇಕೆನಿಸಿತು. ಮೈಸೂರಿಗೆ ಹೊರಡುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ, ಗಂಡನೂ ಕೇಳಲಿಲ್ಲ.

ಬೇಸಿಗೆ ರಜೆಗೆ ಮೈಸೂರಿಗೆ ಹೋದಾಗ ಅಮ್ಮ ಅದೇ ಬೇಕರಿಯಿಂದ ಕಪ್‌ಕೇಕ್ ತರಿಸಿದ್ದರು. ಕಾಗದದ ಲಂಗ, ಕೆನೆಯ ಗುಲಾಬಿ, ಎಲ್ಲ ಸರಿಯಾಗಿತ್ತು. ಇಳಾ ಕಾಗದ ಸುಲಿದು, ಬಟ್ಟಲಿಗೆ ಹಾಕಿ, ಪುಡಿ ಮಾಡಿ, “ಅಜ್ಜಿ, ಹಾಲು ತುಪ್ಪ ಕೊಡ್ರಿ” ಅಂದಳು.

“ಇದು ಯಾವ ಊರಿನ ಮಗು!” ಎಂದು ಅಮ್ಮ ನಕ್ಕು ನನ್ನ ಕಡೆ ತಿರುಗಿದರು. ಸಿಂದಗಿಯಲ್ಲಿ ನಾನು ಈಗಲೂ ಕೇಕು ಮಾಡಿದಾಗ ಒಂದನ್ನು ಅಡುಗೆಮನೆಯಲ್ಲಿ ಬಚ್ಚಿಟ್ಟುಕೊಂಡು, ಪುಡಿ ಮಾಡದೆ, ಇಡಿಯಾಗಿ ಕಚ್ಚಿ ತಿನ್ನುತ್ತೇನೆ. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು. ನನ್ನ ತಟ್ಟೆಯ ಕೇಕು ಆಗಲೇ ಪುಡಿಯಾಗಿತ್ತು.