ಇಲಿ ಎಂದು ಕೂಗಿದವರು ಯಾರು?

ದೆವ್ವ, ಶಕುನ, ಅಶರೀರವಾಣಿ ಎಂದರೆ ಮೂಗು ಮುರಿಯುವವಳು ನಾನು. ಯಾರಾದರೂ ಅಂಥ ಕತೆ ಹೇಳಿದರೆ, ರಾತ್ರಿ ಊಟ ಜಾಸ್ತಿಯಾಗಿತ್ತೇನೋ ಎಂದು ಚುಡಾಯಿಸುತ್ತಿದ್ದೆ. ಈಗ ನೀವೂ ನನಗೆ ಹಾಗೇ ಹೇಳಬಹುದು, ಬೇಜಾರಿಲ್ಲ. ಆದರೆ ಇದು ನಡೆದದ್ದು ಹಾಡುಹಗಲಿನಲ್ಲಿ, ನಾನಿನ್ನೂ ಊಟವನ್ನೇ ಮಾಡಿರಲಿಲ್ಲ.

ಕೆಲವು ವರ್ಷಗಳ ಹಿಂದೆ, ದೀಪಾವಳಿ ಹತ್ತಿರವಿದ್ದಾಗ, ಅಮ್ಮ ಮಂಡ್ಯದಿಂದ ಕಡಲು ದಾಟಿ ಲಿವರ್‌ಮೋರಿನ ನಮ್ಮ ಮನೆಗೆ ಬಂದಿದ್ದರು. ಗರಾಜಿನಲ್ಲಿಟ್ಟಿದ್ದ ಅಕ್ಕಿ ಮೂಟೆಗೆ ಇಲಿ ತೂತು ಮಾಡಿತ್ತು. ಅಮ್ಮ ಯುದ್ಧವನ್ನೇ ಸಾರಿದರು. "ಕಂಡೇಟ್ಗೆ ಇಲಿ ಇಲಿ ಅಂತ ಕೂಗ್ತೀನಿ ಕನವ್ವ, ನೀನು ಪರಕೆ ಎತ್ಕಂಡು ಓಡಿ ಬಾ" ಎಂದು ನನಗೆ ಆಜ್ಞೆಯಾಯಿತು.

ಪಕ್ಕದ ಮನೆಯಲ್ಲಿ ಹೆಲೆನ್ ಎಂಬ ವಯಸ್ಸಾದ ಹೆಂಗಸು ಒಬ್ಬರೇ ಇದ್ದರು. ಹಂಗೇರಿಯವರು ಎಂಬುದಷ್ಟೇ ಗೊತ್ತಿತ್ತು. ಬೇಲಿಯಾಚೆಯಿಂದ ಕೈಬೀಸುವುದು, ಮರದ ನಿಂಬೆಹಣ್ಣು ಕೊಡುವುದು, ಅಷ್ಟೇ ಬಳಕೆ.

ಅವತ್ತು ಮನೆಯಲ್ಲೇ ಕೂತು ಆಫೀಸಿನ ಮೀಟಿಂಗು ಮುಗಿಸಿ ಏಳುತ್ತಿದ್ದೆ. ಹಿತ್ತಲಿನಿಂದ "ಇಲಿ, ಇಲಿ" ಎಂಬ ಕೂಗು ಸ್ಪಷ್ಟವಾಗಿ ಕೇಳಿಸಿತು. ಗಂಡು ದನಿಯೋ ಹೆಣ್ಣು ದನಿಯೋ ಎಂದು ಯೋಚಿಸಲಿಲ್ಲ, ಪೊರಕೆ ಹಿಡಿದು ಓಡಿದೆ. ಹಿತ್ತಲಲ್ಲಿ ಅಮ್ಮ ಇರಲಿಲ್ಲ. ಬೇಲಿಯಾಚೆ ಹೆಲೆನ್ ತಮ್ಮ ಅಡುಗೆಮನೆಯಿಂದ ಬರಿಗಾಲಲ್ಲಿ ಓಡಿ ಬರುತ್ತಿದ್ದರು. ಅವರು ಬೇಲಿ ಮುಟ್ಟುವಷ್ಟರಲ್ಲಿ, ಗಾಳಿಯಿಲ್ಲ ಏನಿಲ್ಲ, ಅವರ ಹಳೇ ಓಕ್ ಮರದ ದೊಡ್ಡ ಕೊಂಬೆಯೊಂದು ಮುರಿದು ಅಡುಗೆಮನೆಯ ಮೇಲೆ ಬಿತ್ತು. ಅವರು ಕಾಫಿ ಕುಡಿಯುತ್ತ ಕೂತಿದ್ದ ಕುರ್ಚಿ ಪುಡಿಪುಡಿಯಾಗಿತ್ತು.

ಅದೇ ಕೂಗು ಕೇಳಿ ಹೊರಗೋಡಿ ಬಂದಿದ್ದ ಹೆಲೆನ್, ಅಲ್ಲಿ ನನ್ನೊಬ್ಬಳನ್ನೇ ಕಂಡು ಕೇಳಿದ್ದು ಒಂದೇ ಮಾತು: "ನನ್ನ ಹೆಸರು ನಿನಗೆ ಹೇಗೆ ಗೊತ್ತು?"

ಇಲಿ ಎಂದರೆ ನಮ್ಮ ಭಾಷೆಯಲ್ಲಿ ಏನೆಂದು ಪೊರಕೆ ತೋರಿಸಿ ವಿವರಿಸಿದೆ. ಅವರು ಬೇಲಿ ಹಿಡಿದುಕೊಂಡು ನಕ್ಕರು, ನಗುತ್ತಲೇ ಅತ್ತರು. ಅವರ ನಿಜವಾದ ಹೆಸರು ಇಲೋನಾ. ಇಲಿ ಎಂದು ಕರೆಯುತ್ತಿದ್ದದ್ದು ಅವರ ಅಣ್ಣ ಒಬ್ಬನೇ.

ಮಿಕ್ಕಿದ್ದನ್ನು ನಮ್ಮ ಮನೆಯಲ್ಲಿ ಕೂತು ಹೇಳಿದರು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಬುಡಾಪೆಸ್ಟಿನ ಜನ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಬೀದಿಗಿಳಿದಾಗ, ಅಣ್ಣ ಬಾವುಟದ ನಡುವಿನ ಸರ್ಕಾರಿ ಲಾಂಛನವನ್ನು ತಮ್ಮ ತಾಯಿಯ ಕತ್ತರಿಯಿಂದ ಕತ್ತರಿಸಿ ತೆಗೆದು, ಆ ತೂತಿನಲ್ಲಿ ಮುಖ ತೂರಿಸಿ ತಂಗಿಯನ್ನು ನಗಿಸಿದ್ದನಂತೆ. ಹಬ್ಬದಂಥ ಆ ದಿನಗಳು ಬಹಳ ಉಳಿಯಲಿಲ್ಲ. ಸೋವಿಯತ್ ಟ್ಯಾಂಕುಗಳು ನುಗ್ಗಿ ಎಲ್ಲವನ್ನೂ ಹೊಸಕಿಹಾಕಿದವು. ಅಣ್ಣ ತಂಗಿ ಆಸ್ಟ್ರಿಯಾ ಕಡೆಗೆ ನಡೆದರು. ಗಡಿಯ ಹೊಲದಲ್ಲಿ ಸೈನಿಕರು ಕಂಡಾಗ ಅಣ್ಣ ಹಿಂದೆ ಉಳಿದ. "ಇಲಿ, ಇಲಿ" ಎಂದು ಕೂಗಿದ. ಪುಟ್ಟ ಹುಡುಗಿ ಹೆದರಿ, ಹಿಂತಿರುಗಿ ನೋಡದೆ ಓಡಿದಳು. ಅವನು ಮತ್ತೆ ಸಿಗಲಿಲ್ಲ. ಸಹಾಯಕ್ಕೆ ಕರೆದನೇನೋ, ನಾನು ಬಿಟ್ಟು ಓಡಿದೆನೇನೋ ಎಂಬ ಕೊರಗು ಅಂದಿನಿಂದ ಅವರನ್ನು ತಿನ್ನುತ್ತಿತ್ತು.

"ಇವತ್ತೂ ಅದೇ ದನಿ" ಎಂದರು. "ಓಡು ಅಂತ ಕೂಗಿದ. ಅಂದ್ರೆ ಅವತ್ತೂ ಓಡು ಅಂತಲೇ ಕೂಗಿದ್ದು." ಹಾಗೆನ್ನುವಾಗ ಅವರ ಮುಖದಲ್ಲಿದ್ದ ಸಂತೋಷ ನೋಡಿ ನನಗೂ ಅಳು ಬಂತು.

ಅಷ್ಟರಲ್ಲಿ ಅಮ್ಮ ನನ್ನ ಗಂಡನ ಜೊತೆ ಬೆಟ್ಟದ ದೇವಸ್ಥಾನದಿಂದ ಬಂದರು. ಮೀಟಿಂಗಿನಲ್ಲಿದ್ದ ನನಗೆ ಅವರು ಹೋದದ್ದೇ ತಿಳಿದಿರಲಿಲ್ಲ. "ನಾನೆಲ್ಲವ್ವ ಕೂಗ್ದೆ? ಗುಡೀಲಿದ್ದೆ" ಎಂದರು. ವಿಷಯವೆಲ್ಲ ಕೇಳಿದ ಮೇಲೆ, "ಅಣ್ಣ ಬಂದವ್ನೆ ಅಂದ್ಮೇಲೆ ಬಾಯಿ ಸಿಹಿ ಮಾಡ್ಬೇಕು" ಎಂದು ಪಾಯಸಕ್ಕಿಟ್ಟರು. ಆ ಸಂಜೆ ನಾವು ನಕ್ಕಷ್ಟು ಯಾವ ಹಬ್ಬದಲ್ಲೂ ನಕ್ಕಿಲ್ಲ.

ನಾನು ಕೇಳಿದ್ದು ಅಚ್ಚ ಕನ್ನಡ. ಅಲ್ಲ, ಹಂಗೇರಿಯನ್ ಎನ್ನುತ್ತಾರೆ ಹೆಲೆನ್. ಕೂಗಿದವರು ಯಾರೋ, ಇವತ್ತಿಗೂ ನನಗೆ ತಿಳಿದಿಲ್ಲ. ಗರಾಜಿನ ಇಲಿಯಂತೂ ಸಿಗಲೇ ಇಲ್ಲ.

ಅಮ್ಮ ಈಗಲೂ ಫೋನಿನಲ್ಲಿ "ನಮ್ಮಿಲಿ ಹೆಂಗವ್ಳೆ, ಕರಿ" ಎನ್ನುತ್ತಾರೆ. ನಾನು ಬೇಲಿಯ ಹತ್ತಿರ ಹೋಗಿ ಇಲಿ ಎಂದು ಕೂಗುತ್ತೇನೆ. ಅವರು ಬರುತ್ತಾರೆ. ನಾನು ಮುಂದೆಯೇ ನಿಂತಿದ್ದರೂ, ಪ್ರತಿ ಸಲ ಮೊದಲು ಹಿಂದಕ್ಕೊಮ್ಮೆ ತಿರುಗಿ ನೋಡಿ, ನಕ್ಕು, ಆಮೇಲೆ ಬರುತ್ತಾರೆ.